ಸ್ವಲ್ಪ ಜೋರಾಗಿ ಹೇಳಿ

ನನಗೆ ಪಾರ್ಕಿನ್ಸನ್ ಕಾಯಿಲೆ. ಕೈ ನಡುಗುವುದು ಎಲ್ಲರಿಗೂ ಕಾಣುತ್ತದೆ. ದನಿ ಕುಗ್ಗಿರುವುದು ಯಾರಿಗೂ ಕಾಣುವುದಿಲ್ಲ. ಹಾಗಾಗಿ ಏನಾದರೊಂದು ಫಜೀತಿ ಆಗುತ್ತಲೇ ಇರುತ್ತದೆ. ಮೊದಲೇ ನಾನು ಮಾತು ಕಡಿಮೆಯವನು. ದನಿ ಇನ್ನೂ ಇಳಿಯುತ್ತದೆ ಅಂದಿದ್ದಾರೆ ಡಾಕ್ಟರು. ಅಷ್ಟರೊಳಗೆ ಹೆಂಡತಿಗೆ ಒಂದು ಮಾತು ಹೇಳಬೇಕಿತ್ತು. ಅದೊಂದೇ ಆತುರ.

ಮುಖ

ಈ ಕಾಯಿಲೆಗೆ ಮುಖವೂ ಬಿಗಿಯುತ್ತದೆ. ನಕ್ಕರೆ ನಗು ಒಳಗೇ ಉಳಿಯುತ್ತದೆ. ಸಂಜಯನಗರದಲ್ಲಿ ನಾದಿನಿಯ ಮೊಮ್ಮಗಳ ನಾಮಕರಣ. ಮಗುವನ್ನು ನೋಡಿ ನಕ್ಕೆ. ನಾದಿನಿ ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದಳು.

"ಅಕ್ಕಾ, ಭಾವನಿಗೆ ಏನ್ ಕೋಪ? ನಮ್ಮಿಂದ ಏನಾದ್ರೂ ತಪ್ಪಾಯ್ತಾ?"

ಮರುವಾರ ಜಕ್ಕೂರಿನಲ್ಲಿ ಸಾವಿನ ಮನೆ. ಅದೇ ಮುಖ. "ಪಾಪ, ಎಷ್ಟು ನೊಂದ್ಕೊಂಡವ್ರೆ ನೋಡಿ" ಅಂತ ನೀರು ಕೊಟ್ಟು ಕೂರಿಸಿದರು. ಸತ್ತವರು ಹೆಂಡತಿ ಕಡೆಯ ದೂರದ ನೆಂಟರು. ನಾನು ಅವರನ್ನು ನೋಡಿರಲೇ ಇಲ್ಲ.

ದರ್ಶಿನಿ

"ಏನ್ ಕೊಡ್ಲಿ ಯಜಮಾನ್ರೇ?" ಅಂದ ಕೌಂಟರಿನವನು. ನನ್ನ ನಾಲಿಗೆ ಹೊರಡಲು ಹೊತ್ತು ಬೇಕು. ಹಿಂದೆ ಸಾಲು ಬೆಳೆಯಿತು. ನನ್ನ ಬೆನ್ನಿಗಿದ್ದವನ ತಾಳ್ಮೆ ಮುಗಿಯಿತು.

"ಇಡ್ಲಿ ವಡೆ ಕೊಡು ಗುರು. ಈ ವಯಸ್ಸಲ್ಲಿ ಇನ್ನೇನ್ ತಿಂತಾರೆ?"

ತಿಂದೆ. ಕೈ ತೊಳೆದು ಬಂದ ಮೇಲೆ ಮಾತು ಬಂತು. "ಮಸಾಲೆ ದೋಸೆ."

ಟೇಬಲ್ ಒರೆಸುತ್ತಿದ್ದ ಹೆಂಗಸು ಹೌಹಾರಿದಳು. "ಇನ್ನೂ ಹಸಿವಾ ತಾತಾ?"

ಆ

ಮಾತಿನ ತರಬೇತಿ ಕೊಡುವ ಮೇಡಂ ಹೇಳಿದರು. "ದಿನಾ ಬೆಳಿಗ್ಗೆ 'ಆ' ಅಂತ ಕೂಗಿ ಸರ್, ಉಸಿರು ಮುಗಿಯೋವರೆಗೂ."

ಆರ್.ಟಿ. ನಗರದ ನಮ್ಮ ಬಾಲ್ಕನಿಯಲ್ಲಿ ನಿಂತು ಕೂಗಿದೆ. ಕೆಳಮನೆಯಾಕೆ ಹಿಟ್ಟಿನ ಕೈಯಲ್ಲೇ ಓಡಿ ಬಂದರು.

"ಕ್ಯಾ ಹುವಾ ಚಾಚಾ? ಆಂಬುಲೆನ್ಸ್ ಕರೀಲಾ?"

ಹೆಂಡತಿ ವಿಷಯ ತಿಳಿಸಿದಳು. ಆಕೆ ಸ್ವಲ್ಪ ಯೋಚಿಸಿದರು.

"ಹಂಗಾದ್ರೆ ಆರೂವರೆಗೇ ಕೂಗಿ ಚಾಚಾ. ನಮ್ಮ ಮಕ್ಕಳು ಅಲಾರಾಂಗೆ ಏಳಲ್ಲ."

ಆ ಒಂದು ಮಾತು

ಹೆಂಡತಿಗೆ ಹೇಳಲು ಹೊರಟಾಗಲೆಲ್ಲ ಹೀಗೇ ಆಗುತ್ತಿತ್ತು.

"ನೀನು..."

"ಮಾತ್ರೆನಾ? ಆಗ್ಲೇ ಕೊಟ್ನಲ್ಲ."

"ಅಲ್ಲ. ನೀನು..."

"ಫ್ಯಾನಾ? ಬಾತ್‌ರೂಮಾ? ಏಳಿ, ಏಳಿ."

ಎಷ್ಟೋ ಸಲ ಹೇಳಬೇಕಾದ್ದನ್ನು ನುಂಗಿಕೊಂಡು ಸುಮ್ಮನೆ ಬಾತ್‌ರೂಮಿಗೆ ಹೋಗಿ ಬಂದಿದ್ದೇನೆ. ದನಿ ಮಾತ್ರ ತಿಂಗಳಿಂದ ತಿಂಗಳಿಗೆ ಇಳಿಯುತ್ತಿತ್ತು. ಕೆಲವು ದಿನ ನನಗೇ ಕೇಳಿಸುತ್ತಿರಲಿಲ್ಲ.

ಮೊನ್ನೆ ಅವಳು ಗೇಟಿನ ಬಳಿ ಸೊಪ್ಪು ಕೊಳ್ಳುತ್ತಿದ್ದಳು. ನಾನು ಬಾಲ್ಕನಿಯಲ್ಲಿದ್ದೆ. ಅಷ್ಟು ದೂರದಿಂದ ನಡುವೆ ಬಾಯಿ ಹಾಕಲಾರಳು. ಬೆಳಿಗ್ಗೆ 'ಆ' ಅನ್ನುವ ಹಾಗೇ ಉಸಿರೆಳೆದು ಕೂಗಿದೆ.

"ನೀನಿದ್ದೀಯ ಅನ್ನೋದೇ ನನಗೆ ಧೈರ್ಯ ಕಣೇ!"

ಸೊಪ್ಪಿನವಳ ಕೈ ಹಾಗೇ ನಿಂತಿತು. ಕೆಳಮನೆಯಾಕೆ ಕಿಟಕಿ ತೆಗೆದರು. ಎದುರುಮನೆಯವರು ಸ್ಕೂಟರ್ ಆಫ್ ಮಾಡಿ ಮೇಲೆ ನೋಡಿದರು.

ಹೆಂಡತಿ ತಲೆ ಎತ್ತಲಿಲ್ಲ. ಸೊಪ್ಪನ್ನು ಅಲ್ಲೇ ಬಿಟ್ಟು ಮೇಲೆ ಬಂದಳು. ಕುರ್ಚಿ ಎಳೆದುಕೊಂಡು ನನ್ನೆದುರು ಕೂತಳು.

"ಸರಿಯಾಗಿ ಕೇಳಿಸ್ಲಿಲ್ಲ ಕಣ್ರೀ. ಇನ್ನೊಂದ್ಸಲ ಹೇಳಿ."