ತುಳಸಿ ಕಟ್ಟೆ ಹತ್ತಿದ ತಂತಿ

ವಿದ್ಯುಚ್ಛಕ್ತಿಯ ವಿಷಯದಲ್ಲಿ ನನಗೆ ಭಯವೆಂಬುದೇ ಇರಲಿಲ್ಲ. ಗೊತ್ತಿಲ್ಲದ ವಸ್ತುವಿಗೆ ಹೆದರುವುದಾದರೂ ಹೇಗೆ?

ಬೈಲಹೊಂಗಲದ ಅರಳೆ ಗಿರಣಿಯ ಸಾಹುಕಾರರು ತಮ್ಮ ಎಣ್ಣೆಯ ಎಂಜಿನ್ನಿಗೆ ಡೈನಮೋ ಜೋಡಿಸಿ, ಸಂಜೆಯಾದರೆ ನಮ್ಮ ಓಣಿಗೂ ಕರೆಂಟು ಬಿಡುತ್ತೇವೆಂದು ಸಾರಿದ ಕಾಲ ಅದು. ನಾನು ಗುಮಾಸ್ತನಾಗಿದ್ದ ದಲಾಲಿಯ ಅಡತಿ ಅಂಗಡಿ ಆಗತಾನೇ ಮುಚ್ಚಿತ್ತು. ಗಿರಣಿಗೆ ಒಬ್ಬ ವೈರಮನ್ ಬೇಕಾಗಿದ್ದ. ಬೆಳಗಾವಿಯಿಂದ ಬರುವ ಮಾಸ್ತರರ ತರಗತಿಯಲ್ಲಿ ಕೂತು, ತಂತಿ ಎಳೆಯುವ ಸುರಕ್ಷತೆಯ ನಿಯಮಗಳನ್ನು ಕಲಿತು, ಪರೀಕ್ಷೆಯಲ್ಲಿ ಪಾಸಾದವನಿಗೆ ಆ ಕೆಲಸ. ಪರೀಕ್ಷೆಯೆಂದರೆ ತನ್ನ ಮನೆಗೆ ತಾನೇ ತಂತಿ ಎಳೆದು ಮಾಸ್ತರರಿಗೆ ತೋರಿಸುವುದು. ನನಗೆ ಬೇರೆ ದಾರಿ ಇರಲಿಲ್ಲ. ಆ ಕೆಲಸ ಸಿಗಲೇಬೇಕಾಗಿತ್ತು.

ನನ್ನ ಹೆಂಡತಿ ಅಂಬಕ್ಕ ಹೋದ ಶ್ರಾವಣದಲ್ಲಿ ತೀರಿಕೊಂಡಳು. ನಾನು ಆ ತರಗತಿಗೆ ಸೇರುತ್ತೇನೆಂದಾಗ ಆಕೆ ಅಂದದ್ದು ಇನ್ನೂ ಕಿವಿಯಲ್ಲಿದೆ.

"ಅಲ್ರಿ, ಪಂಚಾಂಗ ತೂಗಹಾಕಲಿಕ್ಕೆ ಮೊಳಿ ಹೊಡಿಯೂದಕ್ಕ ಹೋಗಿ ಗ್ವಾಡಿ ಗಿಲಾವ ಕೆಡವಿದವರು ನೀವು. ತಂತಿ ಎಳೀತೀರೇನು?"

"ಇದು ಮೊಳಿ ಹೊಡಿಯೂ ಕೆಲಸ ಅಲ್ಲ. ಇದು ಶಾಸ್ತ್ರ."

"ಶಾಸ್ತ್ರ ಅಂದ್ರ ಆತು ಬಿಡ್ರಿ. ಬಾಯಿಪಾಠ ನಿಮಗ ಛಲೋ ಬರತದ."

ಬಾಯಿಪಾಠ ನಿಜಕ್ಕೂ ಚೆನ್ನಾಗಿ ಬಂತು. ಗಿರಣಿಯ ಗೋದಾಮಿನಲ್ಲಿ ಅರಳೆಯ ಮೂಟೆಗಳ ಮೇಲೆ ಕೂತು ನಾವೆಲ್ಲ ನಿಯಮಗಳನ್ನು ಒಪ್ಪಿಸುತ್ತಿದ್ದೆವು. ಉಳಿದವರು ತಡವರಿಸಿದರೆ ನಾನು ಸ್ವರಸಹಿತ ಹೇಳುತ್ತಿದ್ದೆ. ಮಾಸ್ತರರು ಒಂದು ದಿನ ಕೈ ಎತ್ತಿ ತಡೆದರು.

"ರಾಯರ, ಇದು ಸಂಧ್ಯಾವಂದನಿ ಅಲ್ರಿ. ತಿಳಕೊಂಡು ಹೇಳ್ರಿ."

ಇದನ್ನು ನಾನು ಹೊಗಳಿಕೆಯೆಂದೇ ಸ್ವೀಕರಿಸಿದೆ.

ನಿಯಮಗಳಲ್ಲಿ ಒಂದು ಅರ್ಥಿಂಗ್ ತಂತಿಯದು. ಕರೆಂಟು ದಾರಿ ತಪ್ಪಿದರೆ ಅದನ್ನು ಸುಖವಾಗಿ ನೆಲಕ್ಕೆ ಇಳಿಸುವ ತಂತಿ ಅದು. 'ಸದಾ ಹಸಿಯಾಗಿರುವ ಮಣ್ಣಿನಲ್ಲಿ ಹುಗಿಯತಕ್ಕದ್ದು' ಎಂದು ನಿಯಮ. ನಮ್ಮ ಹಿತ್ತಲಿನ ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಾಗಿತ್ತು. ಇಡೀ ಮನೆಯಲ್ಲಿ ಒಂದು ದಿನವೂ ತಪ್ಪದೆ ನೀರು ಬೀಳುವ ಜಾಗ ಯಾವುದು? ತುಳಸಿ ಕಟ್ಟೆ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಅಂಬಕ್ಕ ಮಧ್ಯಾಹ್ನ ಮಲಗಿದ್ದಾಗ ಸ್ವಿಚ್ಚಿನ ಕಬ್ಬಿಣದ ಪೆಟ್ಟಿಗೆಯಿಂದ ತಂತಿ ಎಳೆದು ತಂದು, ಬೇರಿಗೆ ಪೆಟ್ಟಾಗದಂತೆ ಕಟ್ಟೆಯೊಳಗಿನ ಮಣ್ಣಿನಲ್ಲಿ ಹುಗಿದು, ಮೇಲೆ ಸುಣ್ಣ ಬಳಿದುಬಿಟ್ಟೆ.

ಮೊದಲ ಸಂಜೆ ಗಿರಣಿಯ ಎಂಜಿನ್ನು ದಡದಡ ಎಂದಿತು. ನಮ್ಮ ಪಡಸಾಲೆಯಲ್ಲಿ ಬಲ್ಬು ಹೊತ್ತಿತು. ಓಣಿಯ ಜನವೆಲ್ಲ ನೋಡಲು ಬಂದಿತ್ತು. ಅಂಬಕ್ಕ ಎಂದಿನಂತೆ ತುಳಸಿಯ ಮುಂದೆ ದೀಪ ಇಟ್ಟು, ಬುಡದ ಹಸಿ ಮಣ್ಣನ್ನು ಮುಟ್ಟಿ ನಮಸ್ಕಾರ ಮಾಡಲು ಹೋಗಿ ತಟ್ಟನೆ ಕೈ ಹಿಂದೆಗೆದಳು.

"ಏನಾತ ಅಂಬಕ್ಕ?" ಎಂದಳು ಪಕ್ಕದ ಮನೆಯ ಗುಂಡಕ್ಕ.

ಅಂಬಕ್ಕ ಬಲ್ಬನ್ನು ನೋಡಿದಳು, ನನ್ನನ್ನು ನೋಡಿದಳು. "ಏನಿಲ್ಲ. ಜುಮ್ಮ್ ಅಂತು" ಎಂದಳು.

ಗುಂಡಕ್ಕ ತಾನೂ ಮುಟ್ಟಿದಳು. ಮೊಣಕೈವರೆಗಿನ ಬಳೆಗಳೆಲ್ಲ ಒಮ್ಮೆಲೇ ಸದ್ದು ಮಾಡಿದವು. "ತಾಯಿ ಎಚ್ಚರಾಗ್ಯಾಳ" ಎಂದು ಅಲ್ಲೇ ಅಡ್ಡಬಿದ್ದಳು.

ಅಂಬಕ್ಕ ನನ್ನನ್ನು ಒಳಗೆ ಕರೆದಳು. "ಒಮ್ಮೆ ನಿಮ್ಮ ತಂತಿ ನೋಡ್ರಿ."

ಮರುದಿನ ನಡುಮಧ್ಯಾಹ್ನ ನಾನು ಧೈರ್ಯವಾಗಿ ಎರಡೂ ಕೈಯಿಂದ ತುಳಸಿಯ ಬುಡ ಮುಟ್ಟಿದೆ. ಏನೂ ಆಗಲಿಲ್ಲ. "ನೋಡು, ತಂತಿಯಲ್ಲಿ ದೋಷವಿಲ್ಲ" ಎಂದು ಘೋಷಿಸಿದೆ. ಗಿರಣಿಯಿಂದ ಕರೆಂಟು ಬಿಡುವುದು ಸಂಜೆಗಷ್ಟೇ ಎಂಬುದು ಈ ಶಾಸ್ತ್ರಪಾರಂಗತನ ತಲೆಗೆ ಹೊಳೆಯಲಿಲ್ಲ. ಗುಂಡಕ್ಕನಿಗೆ ಅದಕ್ಕೂ ಕಾರಣ ಗೊತ್ತಿತ್ತು. "ಹಗಲು ತಾಯಿ ಮಲಗಿರ್ತಾಳ್ರಿ. ದೀಪದ ಹೊತ್ತಿಗೆ ಏಳತಾಳ."

ಅಲ್ಲಿಂದ ನಮ್ಮ ಅಂಗಳ ನಮ್ಮದಾಗಿ ಉಳಿಯಲಿಲ್ಲ. ಸಂಜೆಯಾದರೆ ಹೆಂಗಸರ ಸಾಲು. ಗಿರಣಿಯ ಸಾಹುಕಾರರ ಹೆಂಡತಿಯೂ ಬಂದು ಮುಟ್ಟಿ, ನಡುಗಿ, ಧನ್ಯರಾದರು. ಮುರಗೋಡದಿಂದ ಒಂದು ಚಕ್ಕಡಿ ತುಂಬ ಜನ ಬಂದು, ನನ್ನ ಸ್ವಿಚ್ಚಿನ ಪೆಟ್ಟಿಗೆಗೂ ಕುಂಕುಮ ಹಚ್ಚಿ, ಅಲ್ಲೂ ಜುಮ್ಮೆನಿಸಿಕೊಂಡು ಹೋದರು. ಅನುಮಾನ ನನಗೂ ಶುರುವಾಗಿ ತಂತಿ ಅಗೆದು ತೆಗೆಯಲು ಹೋದರೆ ಗುಂಡಕ್ಕ ಅಡ್ಡ ನಿಂತಳು.

"ತಾಯಿ ಬೇರಿಗೆ ಕೈ ಹಚ್ಚತೀರೇನ್ರಿ? ಓಣಿ ಮಂದಿ ಸುಮ್ಮನಿರತಾರ ಅನ್ಕೊಂಡೀರೇನು?"

"ನನ್ನ ಮನಿ ಅದ, ನನ್ನ ತಂತಿ ಅದ, ನನ್ನ ಪರೀಕ್ಷಾ ಅದ!"

"ಇದ್ರ ಇರಲಿ. ತಾಯಿ ಎಲ್ಲಾರಿಗೂ ತಾಯಿ."

ಪರೀಕ್ಷೆಯ ಸಂಜೆ ಬಂದೇಬಿಟ್ಟಿತು. ಮಾಸ್ತರರು ಬಾಗಿಲಲ್ಲಿ ಜನಜಂಗುಳಿ ಕಂಡು, ಮನೆಯಲ್ಲಿ ಏನಾದರೂ ಕಾರ್ಯವೇ ಎಂದು ಕೇಳಿದರು. ಗುಂಡಕ್ಕ ಅವರ ಬೂಟು ಬಿಚ್ಚಿಸಿದಳು. ಅವರು ಒಳಗೆ ಬಂದು ಬಲ್ಬು ನೋಡಿ ತಲೆಯಾಡಿಸಿದರು. ನನಗೆ ಕೆಲಸ ಸಿಕ್ಕಂತೆಯೇ ಆಯಿತು.

"ಅರ್ಥಿಂಗ್ ಎಲ್ಲಿ ಕೊಟ್ಟೀರಿ?"

ನಾನು ಹೆಮ್ಮೆಯಿಂದ ಕಟ್ಟೆ ತೋರಿಸಿದೆ. ಅವರು ನಂಬಲಾರದೆ ಬಗ್ಗಿ ಮಣ್ಣಿಗೆ ಬೆರಳಿಟ್ಟರು. ಮರುಕ್ಷಣ ಬೆಳಗಾವಿಯ ಮಾಸ್ತರರು ಹಸಿ ಅಂಗಳದಲ್ಲಿ ಒಂಟಿಕಾಲಿನಲ್ಲಿ ಕುಣಿಯುತ್ತಿದ್ದರು.

"ನಿಮಗೂ ಒಲದಳು ನೋಡ್ರಿ" ಎಂದಳು ಗುಂಡಕ್ಕ, ಕೈಮುಗಿದು.

"ಒಲದಿಲ್ಲವ್ವ. ಈ ರಾಯರು ಸ್ವಿಚ್ಚಿನ ಪೆಟ್ಟಿಗಿಗೆ ಕರೆಂಟಿನ ತಂತಿ ತಾಗಿಸ್ಯಾರ. ಅದನ್ನ ನೆಲಕ್ಕ ಇಳಸ್ರಿ ಅಂದ್ರ ಕಟ್ಟಿ ಮ್ಯಾಲೆ ಹತ್ತಿಸ್ಯಾರ. ಕಲ್ಲಿನ ಕಟ್ಟ್ಯಾಗಿನ ಮಣ್ಣು ನೆಲಾ ಆಗತದೇನ್ರಿ ರಾಯರ?"

ಆಗುವುದಿಲ್ಲ. ಅದನ್ನು ಸ್ವರವಿಲ್ಲದೆ ಹೇಳಿದೆ.

ಜನ ಚದುರಿತು. ಅಂದೂ ಮುರಗೋಡದಿಂದ ಚಕ್ಕಡಿಯಲ್ಲಿ ಬಂದಿದ್ದವರು ನಮ್ಮಿಂದ ಏನನ್ನೋ ಮರಳಿ ಪಡೆಯಬೇಕಾದವರಂತೆ ದುರುಗುಟ್ಟಿ ನೋಡಿ ಹೋದರು. ನಾನು ನಾಪಾಸು.

ಊಟಕ್ಕೆ ಕೂತಾಗ ಅಂಬಕ್ಕ ಮೆಲ್ಲಗೆ ಅಂದಳು: "ನನಗ ಮೊದಲನೇ ದಿನಾನ ಗೊತ್ತಾಗಿತ್ರಿ. ಮದುವಿಯಾಗಿ ಬಂದಾಗಿಂದ ಆಕಿಗೆ ನೀರು ಹಾಕೇನಿ, ಒಮ್ಮೆನೂ ಕಡದಿಲ್ಲ. ಕಡದವರು ನೀವು."

"ಮತ್ತ ಎಲ್ಲಾರ ಮುಂದ ಯಾಕ ಹೇಳಲಿಲ್ಲ?"

"ಹೇಳಿದ್ರ ನಿಮಗ ಬರೂ ಕೆಲಸ ಹೋಗತಿತ್ತು. ತಾಯಿ ಮ್ಯಾಲೆ ಹಾಕಿದ್ರ ತಡಕೋತಾಳ. ನಿಮಗ ಒಳಗ ಕರದು ಹೇಳಿದೆ, ನೀವು ಮಧ್ಯಾಹ್ನ ಮುಟ್ಟಿ ಬಂದ್ರಿ."

ಮರುದಿನ ಆಕೆ ಸೆರಗು ಹೊದ್ದು ಸಾಹುಕಾರರ ಹೆಂಡತಿಯ ಬಳಿಗೆ ಹೋದಳು. ಅಲ್ಲಿ ಏನು ಮಾತಾಡಿದಳೋ ನನಗೆ ಕೊನೆಗೂ ಹೇಳಲಿಲ್ಲ. ಗಿರಣಿಯಿಂದ ನನಗೆ ಕರೆ ಬಂತು. ಅರಳೆಯ ಧೂಳು ಕೂತು ಬಲ್ಬುಗಳು ಮಂಕಾಗುತ್ತವೆ, ಅವನ್ನು ಒರೆಸುವ ಕೆಲಸ. ಮಾಸ್ತರರ ಷರತ್ತು ಒಂದೇ: ಎಂಜಿನ್ನು ನಿಂತಿರುವಾಗ ಮಾತ್ರ ಇವರನ್ನು ಒಳಗೆ ಬಿಡತಕ್ಕದ್ದು.

ನಾನು ಆ ಕೆಲಸದಲ್ಲೇ ಮುದುಕನಾದೆ. ಯಾರಾದರೂ ಕೇಳಿದರೆ ಅಂಬಕ್ಕ, "ನಮ್ಮವರು ಗಿರಣ್ಯಾಗ ಬೆಳಕಿನ ಖಾತೇದಾಗ ಇದ್ದಾರ" ಎನ್ನುತ್ತಿದ್ದಳು. ಒಮ್ಮೆಯೂ ನಗದೆ ಹೇಳುತ್ತಿದ್ದಳು. ಎಷ್ಟೋ ಸಲ ನಾನೇ ನಂಬಿಬಿಡುತ್ತಿದ್ದೆ. ಈಗ ಹಾಗೆ ಹೇಳುವವರು ಮನೆಯಲ್ಲಿಲ್ಲ. ಆದ್ದರಿಂದ ನಾನು ಬರೀ ಬಲ್ಬು ಒರೆಸುವವನು.