ನಮ್ಮ ಕಡೆಯ ಸಾಹೇಬರು ಮತ್ತು ಒಂದು ಸ್ಪೀಡ್ ಬ್ರೇಕರ್

ಸರ್ಕಾರಿ ಆಫೀಸಿನ ಮೆಟ್ಟಿಲು ಹತ್ತುವ ತನಕ ನನ್ನಷ್ಟು ಶೂರ ಇನ್ನೊಬ್ಬನಿಲ್ಲ. ಬೆಳಿಗ್ಗೆ ಚಹಾ ಕುಡಿಯುತ್ತ ಪೇಪರಿನಲ್ಲಿ ಗುಂಡಿ ಬಿದ್ದ ರಸ್ತೆಯ ಫೋಟೊ ಕಂಡರೆ ಸಾಕು, 'ಇವರನ್ನು ಕೇಳುವವರೇ ಇಲ್ಲದಂತಾಗಿದೆ' ಎಂದು ಗುಡುಗುತ್ತೇನೆ. ದೇವರು ನನಗೆ ಎತ್ತರ ಕೊಟ್ಟಿದ್ದಾನೆ, ಮೀಸೆ ಕೊಟ್ಟಿದ್ದಾನೆ, ಎದುರಿನ ಬಿಲ್ಡಿಂಗಿಗೆ ಕೇಳಿಸುವ ದನಿಯನ್ನೂ ಕೊಟ್ಟಿದ್ದಾನೆ. ಅದರ ಜೊತೆಗೆ ಚೂರು ಧೈರ್ಯ ಕೊಡುವುದನ್ನು ಮಾತ್ರ ಮರೆತಿದ್ದಾನೆ. ಮೇಜಿನ ಆಚೆ ಕುಳಿತ ಯಾವುದೇ ಅಧಿಕಾರಿ ಕನ್ನಡಕದ ಮೇಲಿಂದ ನೋಡಿ ಮರಾಠಿಯಲ್ಲಿ 'ಬೋಲಾ', ಅಂದರೆ 'ಹೇಳಿ', ಎಂದರೆ ನನ್ನ ಎರಡೂ ಕೈಗಳು ನನ್ನ ಅಪ್ಪಣೆ ಕೇಳದೆ ಮುಗಿದುಕೊಳ್ಳುತ್ತವೆ. ಬಂದ ಕೆಲಸ ಮರೆತು, ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಕೇಳಿ ಬಂದದ್ದೂ ಉಂಟು. ಒಮ್ಮೆ ನಳದಲ್ಲಿ ನೀರು ಬರುವುದಿಲ್ಲ ಎಂದು ದೂರು ಹೇಳಲು ಹೋಗಿ, ಅಲ್ಲಿಯ ಗುಮಾಸ್ತರು ಊಟದ ಡಬ್ಬಿ ಬಿಚ್ಚಿದ್ದನ್ನು ನೋಡಿ 'ಸಾವಕಾಶ ಊಟ ಮಾಡಿ' ಎಂದು ಹಾರೈಸಿ ಮರಳಿದವ ನಾನು.

ಇಂಥವನನ್ನು ನಮ್ಮ ಸೊಸೈಟಿಯವರು ತಮ್ಮ ಮುಖಂಡನನ್ನಾಗಿ ಆರಿಸಿದರು. ಮೀಸೆ ನೋಡಿ ಮೋಸಹೋದವರಲ್ಲಿ ಅವರು ಮೊದಲಿಗರೇನಲ್ಲ; ನನ್ನ ಮಾವನವರೂ ಹಾಗೇ ಮೋಸಹೋದವರು.

ನಾವಿರುವುದು ಖರಾಡಿಯಲ್ಲಿ. ಜಮಖಂಡಿ ಕಡೆಯಿಂದ ನೌಕರಿಗೆಂದು ಪುಣೆಗೆ ಬಂದು, ಇಲ್ಲಿ ಫ್ಲ್ಯಾಟು ಕೊಂಡ ಹೊಸದರಲ್ಲಿ ನಮ್ಮ ಗೇಟಿನ ಮುಂದಿನ ರಸ್ತೆಯಲ್ಲಿ ಎಮ್ಮೆಗಳು ನಿರಾತಂಕವಾಗಿ ಮಲಗುತ್ತಿದ್ದವು. ಆಮೇಲೆ ಗಾಜಿನ ಆಫೀಸುಗಳು ಎದ್ದವು, ರಸ್ತೆ ಅಗಲವಾಯಿತು, ನಡುವೆ ಡಿವೈಡರ್ ಬಂತು. ರಸ್ತೆ ನುಣುಪಾದ ದಿನ ನಾವೆಲ್ಲ ಬಾಲ್ಕನಿಯಲ್ಲಿ, ಇಲ್ಲಿಯವರ ಮಾತಿನಲ್ಲಿ ಗ್ಯಾಲರಿಯಲ್ಲಿ, ನಿಂತು ಹಿಗ್ಗಿದ್ದೇ ಹಿಗ್ಗಿದ್ದು. ಮರುದಿನದಿಂದ ಅದರ ಮೇಲೆ ಗಾಡಿಗಳು ಹಾರತೊಡಗಿದವು. ಆಫೀಸಿಗೆ ತಡವಾದವರೆಲ್ಲ ಆ ತಡವನ್ನು ನಮ್ಮ ಗೇಟಿನ ಮುಂದೆಯೇ ಸರಿದೂಗಿಸಿಕೊಳ್ಳುತ್ತಾರೆ.

ನನ್ನ ಹೆಂಡತಿ ಶಾಂತಾ ದಿನಾ ಬೆಳಿಗ್ಗೆ ಈ ರಸ್ತೆಯನ್ನು ದಾಟಬೇಕು. ಆಚೆ ಬದಿಯ ಗಲ್ಲಿಯಲ್ಲಿ ಒಂದು ಬಾಲವಾಡಿ ಇದೆ. ಅಲ್ಲಿ ಅವಳು ಟೀಚರು. ಈ ಗಾಜಿನ ಆಫೀಸುಗಳನ್ನು ಕಟ್ಟುತ್ತಿರುವ ಯಾದಗಿರಿ, ಸೇಡಂ ಕಡೆಯ ಕೂಲಿಯವರ ಮಕ್ಕಳು ಅಲ್ಲಿಗೆ ಬರುತ್ತವೆ. ಅವುಗಳಿಗೆ ಕನ್ನಡ ಬಿಟ್ಟು ಬೇರೆ ಮಾತು ಬಾರದು, ಆದ್ದರಿಂದ ಶಾಂತಾ ಅಲ್ಲಿ ಬೇಕೇ ಬೇಕು. ಅವಳ ಎಡ ಮೊಣಕಾಲು ಮಾತ್ರ ಓಡಲು ಒಪ್ಪುವುದಿಲ್ಲ. ಕೊಡೆಯನ್ನು ಎತ್ತಿ ಹಿಡಿದು ಒಂದು ಹೆಜ್ಜೆ ಇಡುತ್ತಾಳೆ, ಹಿಂದೆ ಸರಿಯುತ್ತಾಳೆ, ಮತ್ತೆ ಇಡುತ್ತಾಳೆ. ಇದನ್ನೆಲ್ಲ ನಾನು ಗ್ಯಾಲರಿಯಿಂದ ಚಹಾದ ಕಪ್ಪು ಹಿಡಿದು ನೋಡುತ್ತಿರುತ್ತೇನೆ.

ಒಂದು ದಿನ ಒಂದು ಟೆಂಪೋ ಅವಳಿಗೆ ಅಂಟಿಕೊಂಡಂತೆ ಹೋಗಿ, ಹೆಗಲಿನ ಚೀಲವನ್ನು ಸಿಕ್ಕಿಸಿಕೊಂಡು ಮುಂದೆ ಹೊರಟುಹೋಯಿತು. ಸಂಜೆ ಅವಳೇ ನಗುನಗುತ್ತ ಹೇಳಿದಳು: "ನಾ ಇಲ್ಲೇ ಉಳದೆ, ನನ್ನ ಊಟದ ಡಬ್ಬಿ ಮುಂದಿನ ಊರು ವಾಘೋಲಿ ಮುಟ್ಟಿರಬೇಕು ನೋಡ್ರಿ." ಹೇಳುತ್ತ ತಂಬಿಗೆಯಿಂದ ನೀರು ಬಗ್ಗಿಸುತ್ತಿದ್ದಳು, ಲೋಟ ತುಂಬಿ ಹರಿದರೂ ನಿಲ್ಲಿಸಲಿಲ್ಲ. ನಾನು ಹೆದರಿದೆ. ತಮಾಷೆಯ ಮಾತಲ್ಲ, ನಿಜವಾಗಿಯೂ ಹೆದರಿದೆ. ಚೀಲದ ಪಟ್ಟಿ ಹೆಗಲಿಂದ ಜಾರದೆ ಗಟ್ಟಿಯಾಗಿ ಕುಳಿತಿದ್ದರೆ ಏನಾಗುತ್ತಿತ್ತು ಎಂಬುದನ್ನು ಯೋಚಿಸುತ್ತ ಅಂದು ತಟ್ಟೆ ಸರಿಸಿ ಎದ್ದುಬಿಟ್ಟೆ. ಗೇಟಿನ ಮುಂದೆ ಸ್ಪೀಡ್ ಬ್ರೇಕರ್ ಹಾಕಿಸದೆ ಬಿಡುವುದಿಲ್ಲ ಎಂದು ಆ ರಾತ್ರಿ ದೊಡ್ಡ ದನಿಯಲ್ಲಿ ಶಪಥ ಮಾಡಿದೆ. ಎದುರಿನ ಬಿಲ್ಡಿಂಗಿನವರಿಗೂ ಕೇಳಿಸಿತು.

ಸೊಸೈಟಿಯ ಮೀಟಿಂಗು ಕರೆದೆವು. ಕೆಲವರಿಗೆ ಸಿಗ್ನಲ್ ಬೇಕು, ಕೆಲವರಿಗೆ ಮೇಲ್ಸೇತುವೆಯೇ ಬೇಕು, ಬೆನ್ನುನೋವಿದ್ದ ಒಬ್ಬರಿಗೆ ಸ್ಪೀಡ್ ಬ್ರೇಕರ್ ಬೇಡವೇ ಬೇಡ. ಬೆಂಗಳೂರಿನಿಂದ ಬಂದು ಐದನೆಯ ಮಹಡಿಯಲ್ಲಿರುವ ಕಾರ್ತಿಕ್ ಎಂಬ ಕಂಪ್ಯೂಟರ್ ಇಂಜಿನಿಯರು, "ಅಂಕಲ್, ಡೇಟಾ ಇಲ್ದೆ ಹೋದ್ರೆ ಅವ್ರು ಸೀರಿಯಸ್ಸಾಗಿ ತಗೊಳಲ್ಲ. ನಾನೊಂದು ಪ್ರೆಸೆಂಟೇಶನ್ ಮಾಡ್ಕೊಡ್ತೀನಿ" ಎಂದ. ಕೊನೆಗೆ ಸೊಸೈಟಿಯ ಚೇರಮನ್ ದೇಶಮುಖ ಕಾಕಾ ಎಲ್ಲರನ್ನೂ ಸುಮ್ಮನಾಗಿಸಿದರು. ವಾರ್ಡ್ ಆಫೀಸಿನಲ್ಲಿ ತಿಂಗಳಿಗೊಮ್ಮೆ ನಾಗರಿಕರ ಅಹವಾಲು ಕೇಳುವ ಸಭೆ ಇರುತ್ತದೆ. ರಸ್ತೆಯ ವಿಭಾಗಕ್ಕೆ ಹೊಸದಾಗಿ ಬಂದಿರುವ ಇಂಜಿನಿಯರ ಹೆಸರು ಬಿರಾದಾರ. ಅಕ್ಕಲಕೋಟ ಕಡೆಯವರು, ಮನೆಮಾತು ಕನ್ನಡ. ಕಾಕಾ ನನ್ನ ಬೆನ್ನು ತಟ್ಟಿ, "ಅಂಗಡಿ, ತುಮಚಾಚ ಮಾಣೂಸ್ ಆಹೇ" ಎಂದರು. ಅಂಗಡಿ ಎಂಬುದು ನನ್ನ ಅಡ್ಡಹೆಸರು. ನಿಮ್ಮವನೇ ಮನುಷ್ಯ, ಇನ್ನು ಕೆಲಸ ಆದಂತೆಯೇ ಎಂದು ಅವರ ಅರ್ಥ. ಅಲ್ಲಿಗೆ ಪ್ರೆಸೆಂಟೇಶನ್ ಬಿದ್ದುಹೋಯಿತು, ನಾನು ಎದ್ದು ನಿಂತೆ.

ಸಭೆಗೆ ಹೋಗುವ ಮುನ್ನ ಮರಾಠಿಯಲ್ಲಿ ಒಂದು ಖಡಕ್ ಭಾಷಣ ಬಾಯಿಪಾಠ ಮಾಡಿದ್ದೆ. 'ಇನ್ನೂ ಎಷ್ಟು ಜನರ ಜೀವದ ಜೊತೆ ಆಟ ಆಡುತ್ತೀರಿ' ಎಂಬ ಪ್ರಶ್ನೆ ಅದರ ಮೊದಲಿಗಿತ್ತು. ಎದ್ದೆ, ಗಂಟಲು ಸರಿಮಾಡಿಕೊಂಡೆ, ಹೆಸರು ಹೇಳಿದೆ. ಬಿರಾದಾರ ಸಾಹೇಬರು ತಲೆ ಎತ್ತಿ ನೋಡಿದರು. "ಅಂಗಡಿ ಅಂದ್ರಾ? ಯಾವೂರ್ರಿ ನಿಮ್ದು?"

ಊರು ಬಿಟ್ಟು ಬಂದ ನಮ್ಮ ಮಂದಿಗೆ ಈ ಪ್ರಶ್ನೆ ಕೇಳಿಸಿತೋ ಮುಗಿಯಿತು. ಊರು ಹೇಳಿದರೆ ಸಾಲದು, ಓಣಿ ಹೇಳಬೇಕು. ಓಣಿ ಆಯಿತೆಂದರೆ ಯಾರ ಪೈಕಿ ಎಂಬುದು ಬಿಚ್ಚಬೇಕು. ಎಲ್ಲಾದರೂ ಒಂದು ಬೀಗತನ ಸಿಗುವ ತನಕ ಇಬ್ಬರಿಗೂ ಸಮಾಧಾನವಿಲ್ಲ. ನಾನು ಜಮಖಂಡಿ ಎಂದೆ. ಅವರು ತಮ್ಮ ಸೋದರತ್ತೆಯನ್ನು ಬನಹಟ್ಟಿಗೆ ಕೊಟ್ಟದ್ದು ಎಂದರು. ಬನಹಟ್ಟಿಯಲ್ಲಿ ನನ್ನ ದೊಡ್ಡಪ್ಪನ ಮಗಳ ಮನೆ ಇದೆ. ಒಂದೇ ಓಣಿ. ಸಭೆಯಲ್ಲಿದ್ದ ಬೇರೆ ಬೇರೆ ಸೊಸೈಟಿಗಳ ಜನ ನಮ್ಮಿಬ್ಬರ ಬಾಯಿ ನೋಡುತ್ತ ಕುಳಿತಿದ್ದರು. ಕಾಕಾ ಮಾತ್ರ ಮಾತು ತಿಳಿಯದಿದ್ದರೂ ಹಿಂದಿನಿಂದ ಹೆಮ್ಮೆಯಿಂದ ತಲೆಯಾಡಿಸುತ್ತಿದ್ದರು. ಕಡೆಗೆ ಸಾಹೇಬರು "ಭಾಳ ಸಂತೋಷ ಆತ್ರಿ" ಎಂದರು, ನಾನೂ ಸಂತೋಷಪಟ್ಟು ಕುಳಿತೆ.

ರಿಕ್ಷಾದಲ್ಲಿ ಬರುವಾಗ ಕಾಕಾ ಆತುರದಿಂದ ಸಾಹೇಬರು ಏನೆಂದರೆಂದು ಕೇಳಿದರು. ಸೋದರತ್ತೆಯನ್ನು ಬನಹಟ್ಟಿಗೆ ಕೊಟ್ಟಿದ್ದಾರೆ ಎಂದೆ. "ಆಣಿ ಸ್ಪೀಡ್ ಬ್ರೇಕರ್?" ಮತ್ತೆ ಸ್ಪೀಡ್ ಬ್ರೇಕರಿನ ಕಥೆ ಏನು ಎಂದರು ಕಾಕಾ. ನಾನು ರಿಕ್ಷಾದ ಹೊರಗೆ ನೋಡತೊಡಗಿದೆ.

ಮುಂದಿನ ತಿಂಗಳು ಸಾಹೇಬರು ನನ್ನನ್ನು ಸಭೆಯಲ್ಲಿ ನಿಲ್ಲಿಸದೆ ತಮ್ಮ ಕೋಣೆಗೇ ಕರೆದು ಚಹಾ ತರಿಸಿದರು. ಈ ಸಲ ನಾನು ವಿಷಯ ಎತ್ತಿದೆ. ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದರು. "ನೋಡ್ರಿ, ನೀವು ನಮ್ಮವ್ರು. ನಿಮ್ಮ ಮುಂದ ಸುಳ್ಳ ಯಾಕ ಹೇಳ್ಲಿ? ಬ್ಯಾರೇದವ್ರು ಬಂದ್ರ 'ಮುಂದಿನ ವಾರ ನೋಡ್ತೀನಿ' ಅಂತ ಹೇಳಿ ಕಳಸ್ತಿದ್ದೆ. ಇದು ಲಗೂನ ಆಗೂ ಕೆಲಸ ಅಲ್ರಿ. ಟ್ರಾಫಿಕ್ ಪೊಲೀಸರ ಒಪ್ಪಿಗಿ ಬೇಕು, ಮ್ಯಾಲಿನವ್ರು ಬಂದು ಜಾಗಾ ನೋಡಬೇಕು. ಇಂಥಾ ರಸ್ತೆ ನನ್ನ ಕೈಯಾಗ ಭಾಳ ಅದಾವ."

ನಾನು ಉಬ್ಬಿ ಹೋದೆ. ಇಡೀ ವಾರ್ಡಿಗೆ ಭರವಸೆ ಕೊಡುವ ಮನುಷ್ಯ ನನಗೊಬ್ಬನಿಗೆ ಮಾತ್ರ ಆಗುವುದಿಲ್ಲ ಎಂದು ಹೇಳಿದ್ದರು, ಅದೂ ತಾಯಿನುಡಿಯಲ್ಲಿ. ಮನೆಗೆ ಬಂದು ಶಾಂತಾಗೆ ಇದನ್ನು ವರ್ಣಿಸಿದೆ. ಅವಳು ಹಿಟ್ಟು ನಾದುತ್ತ ಕೇಳಿಸಿಕೊಂಡಳು. "ಖರೇ ಹೇಳಿದ್ರು ಅಂತ ಗಾಡಿ ನಿಂದರ್ತಾವೇನ್ರಿ?" ಎಂದಳು.

ಅಷ್ಟರಲ್ಲಿ ಪಕ್ಕದ ಸೊಸೈಟಿಯ ಮುಂದೆ ಬಿಳಿ ಪಟ್ಟೆ ಬಂತು, ಫಲಕವೂ ಬಂತು. ಅಲ್ಲಿಂದ ಸಭೆಗೆ ಹೋಗುವ ಹೆಂಗಸು ಸಾಹೇಬರ ಊರು ಯಾವುದೆಂದು ಕೇಳಿದವಳಲ್ಲ. ಪ್ರತಿ ತಿಂಗಳು ಎದ್ದು ನಿಂತು ಜೋರು ಮಾಡುತ್ತಿದ್ದಳು. ಸಾಹೇಬರದೂ ತಪ್ಪಿಲ್ಲ ಅನ್ನಿ. ಮದುವೆಮನೆಯಲ್ಲಿ ಮನೆಯವರು ಕಡೇ ಪಂಕ್ತಿಗೇ ಕೂರಬೇಕು, ಮೊದಲ ಪಂಕ್ತಿ ಬೀಗರಿಗೆ. ನನ್ನನ್ನು ಅವರು ಮನೆಯವನೆಂದು ಬಗೆದಿದ್ದರು. ನಾನೂ ಕಡೇ ಪಂಕ್ತಿಯಲ್ಲಿ ಎಲೆ ಹಾಕಿಕೊಂಡು ಕೂತುಬಿಟ್ಟಿದ್ದೆ. ಆದರೆ ಕೊಡೆ ಎತ್ತಿ ನಿಲ್ಲುತ್ತಿದ್ದವಳು ಶಾಂತಾ. ಬೆಳಿಗ್ಗೆ ಅವಳು ಆಚೆ ದಡ ಸೇರುವ ತನಕ ನನ್ನ ಕಪ್ಪಿನ ಚಹಾ ಆರಿ ಕೆನೆಗಟ್ಟುತ್ತಿತ್ತು.

ಮುಂದೆ ನಾನು ಮಾಡಿದ್ದರಲ್ಲಿ ಯಾವ ಯುಕ್ತಿಯೂ ಇರಲಿಲ್ಲ. ಇಷ್ಟು ಸಲ ಚಹಾ ಕುಡಿಸಿದವರನ್ನು ಒಮ್ಮೆಯೂ ಊಟಕ್ಕೆ ಕರೆಯದಿರುವುದು ನನಗೆ ಸಂಕಟವಾಗುತ್ತಿತ್ತು, ಅಷ್ಟೇ. ಕರೆದೆ. ನಮ್ಮ ರಸ್ತೆಯ ಆಚೆ ಬದಿಯಲ್ಲಿ ಯಾವುದೋ ಗಟಾರದ ಕೆಲಸ ನೋಡಲು ಬರುವವರಿದ್ದಾರೆ, ಹಾಗೇ ಬಂದುಬಿಡುತ್ತೇನೆ ಎಂದರು. ನಾನು ರಜೆ ಹಾಕಿದೆ. ಶಾಂತಾ ಬೆಳಿಗ್ಗೆಯೇ ಎದ್ದು ರೊಟ್ಟಿ ಬಡಿದು, ಎಣ್ಣೆಗಾಯಿ ಮಾಡಿಟ್ಟು ಬಾಲವಾಡಿಗೆ ಹೋದಳು. ಕಾಕಾ ಕೂಡ ಊಟಕ್ಕೆ ಬಂದಿದ್ದರು.

ಮಧ್ಯಾಹ್ನ ಸಾಹೇಬರ ಫೋನು ಬಂತು. "ಎದುರಿಗೇ ಅದೀನ್ರಿ. ಗಾಡಿ ತಿರುಗಿಸಿಕೊಂಡು ಬರಬೇಕಂದ್ರ ದೂರ ಆಗ್ತದ. ನಡಕೋತ ಬಂದೆ." ನಾನೂ ಕಾಕಾನೂ ಗ್ಯಾಲರಿಗೆ ಓಡಿದೆವು. ಆಚೆ ಬದಿಯಲ್ಲಿ ಸಾಹೇಬರು ಕಂಡರು. ಒಂದು ಹೆಜ್ಜೆ ಇಟ್ಟರು, ಹಿಂದೆ ಸರಿದರು. ಊಟ ಹೊತ್ತು ಓಡುವ ಬೈಕುಗಳ ಹೊತ್ತು ಅದು. ಒಂದು ಹೋದರೆ ಅದರ ಬಾಲಕ್ಕೆ ಇನ್ನೊಂದು. ಸಾಹೇಬರು ಕೈ ಎತ್ತಿದರು, ಆ ಕೈಯನ್ನು ಗುರುತು ಹಿಡಿದ ಗಾಡಿ ಒಂದೂ ಇರಲಿಲ್ಲ. ನಾನು ಮೇಲಿನಿಂದ 'ಬರ್ರಿ', 'ನಿಲ್ರಿ' ಎಂದು ಎರಡೂ ಕೈ ಬೀಸಿ ಸೂಚನೆ ಕೊಡುತ್ತಿದ್ದೆ. ಅವರು ಅದನ್ನು ನಂಬಿದ್ದರೆ ಅಂದೇ ಅವರ ಕಥೆ ಮುಗಿಯುತ್ತಿತ್ತು. ರೊಟ್ಟಿ ಆರುತ್ತಿದ್ದವು. ಸಾಹೇಬರಿಗೇ ರಸ್ತೆಯ ಬಿಸಿ ತಟ್ಟಿತಲ್ಲ ಎಂದು ಕಾಕಾನ ಮುಖದಲ್ಲಿ ಮಾತ್ರ ತೃಪ್ತಿ ತುಂಬಿತ್ತು.

ಆಗ ಬಾಲವಾಡಿಯ ಗಲ್ಲಿಯಿಂದ ಶಾಂತಾ ಬಂದಳು. ಅವಳಿಗೆ ಸಾಹೇಬರ ಗುರುತಿಲ್ಲ. ಯಾರೋ ಪರದಾಡುತ್ತಿದ್ದಾರೆ ಎಂದುಕೊಂಡು ಅವರ ಮೊಣಕೈ ಹಿಡಿದಳು, ಕೊಡೆ ಎತ್ತಿದಳು, ಹೊರಟೇಬಿಟ್ಟಳು. ಡಿವೈಡರಿನ ಹತ್ತಿರ ನೀರಿನ ಟ್ಯಾಂಕರೊಂದು ಹಾರನ್ ಹೊಡೆಯುತ್ತ ಬಂತು. ಇಬ್ಬರೂ ಅದರ ಹಿಂದೆ ಮರೆಯಾದರು. ಟ್ಯಾಂಕರು ಸರಿದು ಮತ್ತೆ ಆ ಕೊಡೆ ಕಾಣುವ ತನಕ ನಾನು ಗ್ಯಾಲರಿಯ ಕಂಬಿ ಹಿಡಿದು ಅರ್ಧ ಹೊರಗೆ ಬಾಗಿದ್ದೆ.

ಸಾಹೇಬರು ಮೇಲೆ ಬಂದು ಎರಡು ತಂಬಿಗೆ ನೀರು ಕುಡಿದರು. "ಭಾಳ ಕೆಟ್ಟ ರಸ್ತೆ ಅದರಿ ಇದು" ಎಂದರು, ನಮಗೆ ಹೊಸ ಸುದ್ದಿ ತಿಳಿಸುವವರಂತೆ. ಊಟಕ್ಕೆ ಕುಳಿತ ಮೇಲೂ ಅವರ ಮನಸ್ಸು ರಸ್ತೆಯ ನಡುವೆಯೇ ಇತ್ತು. "ಅಕ್ಕಾರ, ನೀವು ದಿನಾ ಹಿಂಗ ದಾಟ್ತೀರಿ? ಅಂಗಡಿಯವ್ರು ಕೈ ಹಿಡದು ದಾಟಸ್ತಿರಬೇಕಲ್ರಿ?"

ಶಾಂತಾ ಅವರ ತಟ್ಟೆಗೆ ಎಣ್ಣೆಗಾಯಿ ಬಡಿಸುತ್ತ ಸಹಜವಾಗಿ ಹೇಳಿದಳು: "ಇಲ್ರಿ. ಅವರು ಅದರ ಸಲುವಾಗಿ ಮೀಟಿಂಗಿಗೆ ಹೋಗ್ತಾರ್ರಿ."

ಕೊಂಕು ಇರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ಜಗಳ ತೆಗೆದು ಪಾರಾಗಬಹುದಿತ್ತು. ಸಾಹೇಬರು ನನ್ನ ಕಡೆ ನೋಡಿದರು, ನಾನು ರೊಟ್ಟಿಯ ಕಡೆ ನೋಡಿದೆ. ಹೋಗುವಾಗ ಅವರನ್ನು ಆಚೆ ಮುಟ್ಟಿಸಿ ಬರಲು ಮತ್ತೆ ಶಾಂತಾನೇ ಇಳಿದಳು.

ಬೇಕಾದ ಒಪ್ಪಿಗೆಗಳೆಲ್ಲ ಅದು ಹೇಗೋ ಬೇಗಬೇಗ ಕೂಡಿಬಂದವು. ಆ ತಿಂಗಳು ಮುಗಿಯುವುದರೊಳಗೆ ಗೇಟಿನ ಮುಂದೆ ಎರಡೂ ಬದಿಗೆ ಸ್ಪೀಡ್ ಬ್ರೇಕರ್ ಬಂತು, ಅದರ ಪಕ್ಕದಲ್ಲಿ ದಾಟುವವರಿಗೆ ಬಿಳಿ ಪಟ್ಟೆ ಬಂತು. ಸೊಸೈಟಿಯವರು ಪೇಢೆ ಹಂಚಿದರು. ಕಾಕಾ ನನಗೆ ಶಾಲು ಹೊದಿಸಿದರು. "ಅಂಕಲ್, ನೆಟ್‌ವರ್ಕಿಂಗ್ ಅಂದ್ರೆ ಇದು" ಎಂದ ಕಾರ್ತಿಕ್. ನಾನು ವಿನಯದಿಂದ ತಲೆ ತಗ್ಗಿಸಿದೆ. ಆ ಭಂಗಿ ನನಗೆ ರೂಢಿಯೇ ಇತ್ತು. ಶಾಂತಾ ಕೆಳಗೆ ಬಂದಿರಲಿಲ್ಲ, ಮರುದಿನಕ್ಕೆ ಮಕ್ಕಳಿಗೆ ಕಾಗದದ ಹೂ ಕತ್ತರಿಸುತ್ತಿದ್ದಳು.

ಮರುದಿನ ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟಿ, "ನಡಿ, ನಾ ದಾಟಸ್ತೀನಿ" ಎಂದೆ. ಅವಳು ನಕ್ಕಳು. "ಈಗ ಯಾಕ್ರಿ? ಈಗ ಗಾಡಿ ತಾವ ನಿಂದರ್ತಾವ." ಆದರೂ ಹೊರಟೆ. ರಸ್ತೆಯ ಅಂಚಿಗೆ ನಿಂತಾಗಲೇ ನನಗೊಂದು ಸತ್ಯ ಹೊಳೆಯಿತು. ನನ್ನ ಸ್ಕೂಟರು ಗೇಟಿನಿಂದ ಎಡಕ್ಕೆ ಹೊರಳಿದರೆ ನೇರ ಆಫೀಸು. ಈ ರಸ್ತೆ ಅಗಲವಾದಂದಿನಿಂದ ನಾನು ಇದನ್ನು ಕಾಲ್ನಡಿಗೆಯಲ್ಲಿ ಒಮ್ಮೆಯೂ ದಾಟಿರಲಿಲ್ಲ. ಬರೀ ಇದರ ಬಗ್ಗೆ ಮಾತಾಡಿದ್ದೆ. ಮೊದಲ ಪಟ್ಟೆಯ ಮೇಲೆ ಕಾಲಿಟ್ಟೆ. ದೂರದಲ್ಲೆಲ್ಲೋ ಒಂದು ಬಸ್ಸು ಹಾರನ್ ಹೊಡೆಯಿತು. ನಾನು ತಿರುಗಿ ಗೇಟಿನ ಒಳಗೆ ಬಂದುಬಿಟ್ಟೆ. ಡಿವೈಡರಿನ ತನಕ ಹೋಗಿದ್ದ ಶಾಂತಾ ಪಕ್ಕದಲ್ಲಿ ಯಾರೂ ಇಲ್ಲದ್ದನ್ನು ಕಂಡು, ಆ ಮೊಣಕಾಲಿನಲ್ಲೇ ವಾಪಸು ಬಂದು, ನನ್ನ ಮೊಣಕೈ ಹಿಡಿದು ಕರೆದುಕೊಂಡು ಹೋದಳು.

ಬಾಲವಾಡಿಯ ಬಾಗಿಲಲ್ಲಿ ಮಗುವನ್ನು ಬಿಡಲು ಬಂದ ಯಾದಗಿರಿಯ ಹೆಣ್ಣುಮಗಳೊಬ್ಬಳು ನಮ್ಮ ಮೆರವಣಿಗೆಯನ್ನು ನೋಡುತ್ತ ನಿಂತಿದ್ದಳು. "ಟೀಚರ್ರಿ, ಇವ್ರು ಯಾರ್ರಿ?" ಎಂದಳು.

"ನಮ್ಮ ಮನಿಯವ್ರವಾ. ದಾಟೂದು ಕಲೀಲಿಕ್ಕೆ ಬಂದಾರ, ಇವತ್ತ ಮೊದಲ್ನೇ ದಿನ" ಎಂದು ಹೇಳಿ ಶಾಂತಾ ಒಳಗೆ ಹೋದಳು. ನಾನು ಆಫೀಸಿಗೆ ಫೋನು ಮಾಡಿ ತಡವಾಗುತ್ತದೆ ಎಂದು ತಿಳಿಸಿ, ನನ್ನನ್ನು ವಾಪಸು ದಾಟಿಸಲು ಅವಳಿಗೆ ಬಿಡುವಾಗುವ ತನಕ ಮಕ್ಕಳ ಪಕ್ಕದ ಒಂದು ಗಿಡ್ಡ ಕುರ್ಚಿಯಲ್ಲಿ ಕುಳಿತುಕೊಂಡೆ.