ಬಾಲಮುರುಗ ಬಾವಿಗೆ ಇಳಿದ ದಿನ

೨೦೦೬ನೇ ಇಸವಿ ಮಾರ್ಚ್ ೧೨, ಭಾನುವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಆಧಾರ: ನನ್ನ ದಿನಚರಿ; ಅಡುಗೆಮನೆಯ ಕ್ಯಾಲೆಂಡರಿನೊಂದಿಗೆ ಹೋಲಿಸಿ ನೋಡಲಾಗಿದೆ. ಮೂವತ್ತು ವರ್ಷ ಹತ್ತಿ ಬೆಳೆಯ ಸಂಶೋಧನೆಯಲ್ಲಿ ಕಳೆದು ನಿವೃತ್ತನಾದ ನನಗೆ ಯಾವ ಸಂಗತಿಯನ್ನೂ ಎರಡು ಆಧಾರಗಳಿಲ್ಲದೆ ನಂಬುವ ಅಭ್ಯಾಸವಿಲ್ಲ. ಆ ದಿನದ ಸಕಲ ಅನಾಹುತಗಳಿಗೂ ಈ ಸದ್ಗುಣವೇ ಮೂಲ.

ಗಣಪತಿ ಎಂಬ ತಮಿಳು ಊರಿನಲ್ಲಿ ನಮ್ಮ ಓಣಿಯ ಎಂಟು ಮನೆಗಳಿಗೂ ಒಂದೇ ಬಾವಿ, ಒಂದೇ ಮೋಟರು. ಹಿಂದಿನ ದಿನ ಅದು ನೀರೆತ್ತುವುದನ್ನು ನಿಲ್ಲಿಸಿತ್ತು. ಪಕ್ಕದ ರಸ್ತೆಯಲ್ಲಿ ಹೊಸದಾಗಿ ಪಂಪ್ ರಿಪೇರಿ ಅಂಗಡಿ ತೆರೆದಿದ್ದ ರಂಗಸಾಮಿಯನ್ನು ಕರೆತಂದವನು ನಾನೇ. ಓಣಿಯ ಕಾರ್ಯದರ್ಶಿ, ಮಗ್ಗದ ಮನೆಯ ದೊರೆಸಾಮಿಯವರು, ನೀರಿಗೆ ತಣ್ಣಿ ಎನ್ನುವ ತಮ್ಮ ಕನ್ನಡದಲ್ಲಿ, ಅವನಿಗೆ ಮಾತು ಕೊಟ್ಟರು: “ಇವತ್ತು ತಣ್ಣಿ ಏರಿಸಿಬಿಡಪ್ಪಾ. ವರ್ಷವೆಲ್ಲಾ ಈ ಮೋಟರು ನೋಡ್ಕೊಳ್ಳೋ ಕೆಲ್ಸ ನಿಂದೇ.” ಅವನ ಅಂಗಡಿಗೆ ಅದು ಮೊದಲ ಕಾಯಂ ಕೆಲಸ. ಮುಖ ಅರಳಿತು.

ಅಷ್ಟರಲ್ಲಿ ಕಾಫಿ ತಂದ ನನ್ನ ಹೆಂಡತಿ ಶಾರದೆ ಲೋಟ ಹಿಡಿದಂತೆಯೇ ನಿಂತಳು.

“ರೀ, ಆ ಗಲ್ಲದ ಮಚ್ಚೆ ನೋಡಿ. ಧಾರಾಪುರಂನಲ್ಲಿ ನೋಡಿದ ದೇವರ ಸಿನಿಮಾದಲ್ಲಿ ಬಾಲಮುರುಗ ಆಗಿದ್ದ ಹುಡುಗ ಅಲ್ವೇನ್ರೀ ಇವನು?”

ರಂಗಸಾಮಿಯ ಕೈಯಿಂದ ಸ್ಪ್ಯಾನರ್ ಜಾರಿತು.

“ಅಮ್ಮಾ, ಮೆಲ್ಲಗೆ! ಆರು ವಯಸ್ಸಲ್ಲಿ ಒಂದೇ ಒಂದು ಪಡದಲ್ಲಿ ನಟಿಸ್ದೆ. ಮೊದ್ಲು ಪೋತ್ತನೂರಲ್ಲಿ ಅಂಗಡಿ ಇಟ್ಟಿದ್ದೆ. ರೈಲ್ವೆಯವರ ಮನೆ ಹೆಂಗಸರು ಮೋಟರು ತರೋದು ಬಿಟ್ಟು ಜ್ವರ ಬಂದ ಕೂಸುಗಳ್ನ ತಂದ್ರು, ಮುಟ್ಟು ಸಾಮಿ ಅಂತ! ಅಂಗಡಿ ಮುಚ್ದೆ. ಇಲ್ಲಿ ತಿರುಗಿದ ಕಡೆಯೆಲ್ಲಾ ಪಂಪ್ ಅಂಗಡಿ, ಯಾರಿಗೂ ಗೊತ್ತಾಗಲ್ಲಾಂತ ಬಂದೆ. ಯಾರ ಹತ್ರನೂ ಹೇಳ್ಬೇಡಿ ಸಾರ್.”

“ಹೇಳುವುದೇ? ಎಂದಿಗೂ ಇಲ್ಲ!” ಎಂದೆ.

ನಿಜಕ್ಕೂ ನಾನು ಯಾರಿಗೂ ಹೇಳಲಿಲ್ಲ. ಕೇಳಿದೆ, ಅಷ್ಟೆ! ಶಾರದೆಯದು ಒಂದೇ ಸಾಕ್ಷ್ಯ, ಇನ್ನೊಂದು ಬೇಕಲ್ಲ? ಆದಕಾರಣ ಉಳಿದ ಏಳು ಮನೆಗಳಿಗೂ ಹೋಗಿ, “ಬಾವಿಯ ಬಳಿ ಇರುವ ವ್ಯಕ್ತಿಯ ಗಲ್ಲದ ಮಚ್ಚೆ ತಮಗೆ ಯಾವುದಾದರೂ ಹಳೆಯ ಚಿತ್ರವನ್ನು ನೆನಪಿಸುತ್ತದೆಯೇ?” ಎಂದು ಅತ್ಯಂತ ಗೋಪ್ಯವಾಗಿ ವಿಚಾರಿಸಿದೆ.

ಅರ್ಧ ಗಂಟೆಯಲ್ಲಿ ಬಾವಿಯ ಸುತ್ತ ಎಂಟೂ ಮನೆಯವರು ಸೇರಿದ್ದರು. ಕರ್ಪೂರ ಉರಿಯುತ್ತಿತ್ತು. ದೊರೆಸಾಮಿಯವರ ತಾಯಿ, ಎಂಬತ್ತು ದಾಟಿದವರು, ಮೂವತ್ತೊಂದರ ಯುವಕನ ಕಾಲಿಗೆ ಬಿದ್ದು ಎದ್ದು, ಅವನ ತಲೆಯನ್ನು ದಿಟ್ಟಿಸಿದರು.

“ಅಯ್ಯೋ ಕಂದಾ, ಆ ಸುರುಳಿ ಕೂದ್ಲೆಲ್ಲಾ ಎಲ್ಲಿ ಹೋಯ್ತು?”

“ಅದು ವಿಗ್ಗು, ಅಜ್ಜಿ.”

“ಮೀಸೆ ಯಾಕೆ ಬಿಟ್ಟೆ? ತೆಗೆದುಬಿಡು ಸಾಮಿ, ಚೆನ್ನಾಗಿಲ್ಲ.”

ಅವನು ಬಾವಿಯ ಮೆಟ್ಟಿಲಿಗೆ ಕಾಲಿಟ್ಟರೆ ನಾಲ್ಕು ಜನ ಹಿಡಿದೆಳೆದರು. ಸಾಮಿ ಬಾವಿಗೆ ಇಳಿಯುವುದುಂಟೇ? ದೊರೆಸಾಮಿಯವರು ನನ್ನನ್ನು ಪಕ್ಕಕ್ಕೆ ಕರೆದರು.

“ಪ್ರೊಫೆಸರೇ, ಈ ಕೆಲ್ಸ ಇವನಿಗೆ ಕೊಡೋಕಾಗಲ್ಲ. ನಾಳೆ ತಣ್ಣಿ ನಿಂತ್ರೆ ಯಾರನ್ನ ಬಯ್ಯೋದು? ಮೆಕಾನಿಕ್ ಅಂದ್ರೆ ಬಯ್ಯೋ ಹಾಗಿರಬೇಕು!”

ವಾದ ತರ್ಕಬದ್ಧವಾಗಿತ್ತು. ಹಾಗಾದರೆ ರಂಗಸಾಮಿಯನ್ನು ಬೈಯಬಹುದೆಂದು ಪ್ರಯೋಗದ ಮೂಲಕ ತೋರಿಸಿಕೊಡುವುದು ನನ್ನ ಕರ್ತವ್ಯ. ಬಾವಿಕಟ್ಟೆ ಹತ್ತಿ, ಜೀವಮಾನದಲ್ಲಿ ಮೊದಲ ಸಲ ದನಿ ಏರಿಸಿದೆ.

“ಏನಯ್ಯಾ ರಂಗಸಾಮಿ! ಬೆಳಗಿನಿಂದ ಏನು ಕಡಿದು ಕಟ್ಟೆ ಹಾಕಿದ್ದೀಯ? ನಾಚಿಕೆಯಾಗುವುದಿಲ್ಲವೇ?”

ಎಲ್ಲರೂ ತಿರುಗಿ ನೋಡಿದ್ದು ಅವನನ್ನಲ್ಲ, ನನ್ನನ್ನು.

“ರೀ! ಕೆನ್ನೆ ಬಡ್ಕೊಳ್ಳಿ!” ಎಂದು ಶಾರದೆ ಕೂಗಿದಳು.

ಬಡಿದುಕೊಂಡೆ. ಸಾಲದೆಂದು ಅಜ್ಜಿ ತೀರ್ಪು ಕೊಟ್ಟರು. ಕಿವಿ ಹಿಡಿದು ಬಸ್ಕಿ ಹೊಡೆದೆ. ಆಗ ನನ್ನ ವಯಸ್ಸು ಅರವತ್ತೆರಡು. ಆಧಾರ: ಪಿಂಚಣಿ ಪುಸ್ತಕ. ಮೂರನೆಯ ಬಸ್ಕಿಗೆ ಮಂಡಿ ಹಿಡಿದುಕೊಂಡಿತು. ಏಳಲಾಗಲಿಲ್ಲ.

ರಂಗಸಾಮಿಯ ತಾಳ್ಮೆ ಕಿತ್ತುಹೋದದ್ದು ಆಗಲೇ.

“ಎಲ್ಲಾರೂ ಆ ಕಡೆ ಹೋಗಿ! ಸಾರ್, ಬಾಯಿ ಮುಚ್ಕೊಂಡು ಈ ಹಗ್ಗ ಹಿಡ್ಕೊಳ್ಳಿ!”

ಕುಳಿತಲ್ಲಿಂದಲೇ ಹಗ್ಗ ಹಿಡಿದೆ. ಅವನು ಇಳಿದ, ಪೈಪಿನ ತುದಿಯ ವಾಲ್ವ್ ಬಿಚ್ಚಿ, ಸವೆದ ವಾಶರ್ ತೆಗೆದು ಹೊಸದನ್ನು ಹಾಕಿ, ಮೈಯೆಲ್ಲ ಪಾಚಿಯಾಗಿ ಮೇಲೆ ಬಂದ. ಸ್ವಿಚ್ ಒತ್ತಿದ. ನೀರು ಬಂತು! ಅವನು ದೊರೆಸಾಮಿಯವರ ಮುಖ ನೋಡಿದ. ‘ಕೆಲಸ ಚೆನ್ನಾಗಿದೆ’ ಎಂಬ ಎರಡು ಪದಗಳಿಗಾಗಿ ಕಾಯುವ ನೋಟ ಅದು.

ದೊರೆಸಾಮಿಯವರು ಕೈ ಮುಗಿದರು. “ಮುರುಗಾ! ನಿನ್ನ ಪಾದ ತಾಕಿ ತಣ್ಣಿ ಬಂತು!”

“ವಾಶರ್, ಅಣ್ಣಾ! ವಾಶರ್ ಬದಲಾಯಿಸ್ದೆ!”

ಯಾರೂ ಕೇಳಲಿಲ್ಲ. ಹೆಂಗಸರು ಆ ನೀರನ್ನು ಚೊಂಬುಗಳಲ್ಲಿ ಹಿಡಿದು ದೇವರ ಕೋಣೆಗೆ ಒಯ್ದಿದ್ದರು. ಅವನ ಕೈಗೆ ಒಂದು ತಟ್ಟೆ ಬಾಳೆಹಣ್ಣು ಬಂತು. ಕೆಲಸ ಬರಲಿಲ್ಲ.

ಸಂಜೆ ಅವನು ನಮ್ಮ ಜಗಲಿಯ ಮೇಲೆ ಕುಳಿತ.

“ಸಾರ್, ನೀರು ವಾಶರಿಂದ ಬಂತೂಂತ ಒಂದು ಕಾಗದ ಬರೆದು ಕೊಡಿ. ನನ್ನನ್ನ ಮನುಷ್ಯ ಅಂತ ಬಯ್ದವ್ರು ನೀವೊಬ್ರೇ.”

ನಾನು ಉಬ್ಬಿಹೋದೆ. ದೊರೆಸಾಮಿಯವರಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು; ಆದ್ದರಿಂದ ತಮಿಳಿನಲ್ಲಿ ಬರೆದೆ. ಧಾರಾಪುರಂನ ಆ ಚಿತ್ರಮಂದಿರದಲ್ಲಿ ಸಮಸ್ತ ಪ್ರೇಕ್ಷಕರೂ ಪರದೆಗೆ ಕರ್ಪೂರ ಬೆಳಗುತ್ತಿದ್ದಾಗ ನಾನೊಬ್ಬನೇ ಕೈಕಟ್ಟಿ ಕುಳಿತಿದ್ದೆನೆಂದೂ, ಆದಕಾರಣ ನಿಷ್ಪಕ್ಷಪಾತ ಸಾಕ್ಷಿಯೆಂದೂ, ನೀರು ಬಂದದ್ದು ಕೇವಲ ವಾಶರಿನಿಂದೆಂದೂ ದೃಢೀಕರಿಸಿ ಸಹಿ ಹಾಕಿದೆ.

ದೊರೆಸಾಮಿಯವರು ಎರಡು ಸಲ ಓದಿದರು. “ಸರಿ, ಕೆಲ್ಸ ಅವನಿಗೇ. ತಣ್ಣಿ ನಿಂತ್ರೆ ಬಯ್ಯೋಕೆ ಸಹಿ ಹಾಕಿದವರು ಇದ್ದಾರಲ್ಲ!”

ಅಲ್ಲಿಂದೀಚೆಗೆ ಮೂರು ಸಲ ಬೈಸಿಕೊಂಡಿದ್ದೇನೆ. ಮೂರನೆಯ ಸಲ, ನನ್ನ ಸಾಕ್ಷ್ಯದ ಘನತೆಯನ್ನು ದಾಖಲೆಸಮೇತ ಸ್ಥಾಪಿಸಲೆಂದು ಅಟ್ಟದಿಂದ ೧೯೮೧ರ ದಿನಚರಿ ಇಳಿಸಿದೆ. ಜನವರಿ ೨೫, ಭಾನುವಾರ. ಕೈಬರಹ ನನ್ನದೇ:

“ಧಾರಾಪುರಂನಲ್ಲಿ ಸಿನಿಮಾ. ಬಾಲಮುರುಗ ಬಂದೊಡನೆ ಎದ್ದು ಕೈ ಮುಗಿದೆ. ಗಳಗಳನೆ ಅತ್ತೆ. ತೆಂಗಿನಕಾಯಿ ಒಡೆದೆ, ಹೋಳು ಮುಂದಿನ ಸಾಲಿನವರ ತಲೆಗೆ ಬಿತ್ತು.”

ಒಂದೇ ಆಧಾರ ಸಾಲದು. ಶಾರದೆಯನ್ನು ಕೇಳಿದೆ.

“ಮರೆತೇ ಹೋಯ್ತಾ? ಆ ಮನುಷ್ಯನ ತಲೆಗೆ ಒದ್ದೆಬಟ್ಟೆ ಒತ್ತಿದ್ದು ನಾನೇ ಅಲ್ವಾ!”

ನನ್ನ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ರಂಗಸಾಮಿ ಅಂಗಡಿಯ ಗೋಡೆಗೆ ತೂಗುಹಾಕಿದ್ದಾನೆ. ತಿದ್ದಿದರೆ ಅವನ ಕೆಲಸ ಹೋಗುತ್ತದೆ. ತಿದ್ದಿಲ್ಲ. ದಿನಚರಿಯನ್ನು ಮಾತ್ರ ಮತ್ತೆ ಅಟ್ಟಕ್ಕೆ ಏರಿಸಿದ್ದೇನೆ.